ಮೀನಿನ ಮೇವಿನಲ್ಲಿ ಅಮಿನೋ ಆಮ್ಲಗಳ ಪಾತ್ರ

(ತೋಟದ ಕೆರೆಯಲ್ಲಿ ಮೀನು ಸಾಕುವ ಸದಸ್ಯರಿಗಾಗಿ ಒಂದು ಪಾಠ)

ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ತಮ್ಮ ತೋಟದ ಕೆರೆಗಳಲ್ಲಿ ಮೀನುಮರಿ ಬಿಟ್ಟಿದ್ದಾರೆ. ಕಾಫಿಗೂ ಅಡಿಕೆಗೂ ನೀರುಣಿಸಲು ತೆಗೆಸಿದ ಕೆರೆ ಹೇಗೂ ಇದೆ; ಅದರಲ್ಲಿಯೇ ನಾಲ್ಕು ಕಾಸು ಹುಟ್ಟುವುದಾದರೆ ಬೇಡವೆನ್ನುವವರು ಯಾರು? ಆದರೆ ಸಭೆಗೆ ಬಂದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ದಿನವೂ ತಪ್ಪದೆ ತೌಡು, ಕಡಲೆಕಾಯಿ ಹಿಂಡಿ ಹಾಕುತ್ತೇವೆ. ಹಿಂಡಿಯಲ್ಲಿ ಸಸಾರಜನಕ ನೂರಕ್ಕೆ ನಲವತ್ತು ಇದೆಯೆಂದು ಅಂಗಡಿಯವರೂ ಹೇಳುತ್ತಾರೆ. ಆದರೂ ಮೀನು ಕಾಲು ಕಿಲೋ ತೂಗುವಷ್ಟರಲ್ಲಿ ವರ್ಷ ಕಳೆದಿರುತ್ತದೆ. ಇದೇಕೆ?"

ಮೀನು ಬೆಳೆಯದಿರಲು ಕಾರಣಗಳು ಹಲವು. ಮರಿಗಳ ಸಂಖ್ಯೆ ಹೆಚ್ಚಾಗಿರಬಹುದು, ನೀರು ತಣ್ಣಗಿರಬಹುದು, ಮರಿಯ ತಳಿಯೇ ಸರಿಯಿಲ್ಲದಿರಬಹುದು. ಆದರೆ ಹಿಂಡಿಗೆ ಕೈತುಂಬ ಹಣ ಸುರಿದ ಮೇಲೂ ಮೀನು ಸೊರಗಿದ್ದರೆ ಮೊದಲು ನೋಡಬೇಕಾದುದು ಸಸಾರಜನಕದ ಪ್ರಮಾಣವನ್ನಲ್ಲ, ಅದರ ಗುಣವನ್ನು. ಮೀನು ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಾಮಾನ್ಯವಾಗಿ ಮೇವಿನದೇ ಆಗಿರುವುದರಿಂದ, ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ತಿಳಿದುಕೊಳ್ಳೋಣ.

1. ಸಸಾರಜನಕ ಎಂದರೇನು?

ಸಸಾರಜನಕವು ಒಂದೇ ವಸ್ತುವಲ್ಲ. ಅಮಿನೋ ಆಮ್ಲಗಳೆಂಬ ಸುಮಾರು ಇಪ್ಪತ್ತು ಬಗೆಯ ಮಣಿಗಳನ್ನು ಬೇರೆಬೇರೆ ಕ್ರಮದಲ್ಲಿ ಪೋಣಿಸಿದ ಸರ ಅದು. ಮೀನು ಹಿಂಡಿಯನ್ನು ತಿಂದಾಗ ಅದರ ಕರುಳಿನಲ್ಲಿ ಈ ಸರ ಬಿಚ್ಚಿ ಮಣಿಗಳು ಬಿಡಿಬಿಡಿಯಾಗುತ್ತವೆ. ಅವು ರಕ್ತಕ್ಕೆ ಸೇರಿ, ಮೀನಿನ ಮೈಯಲ್ಲಿ ಅದಕ್ಕೆ ಬೇಕಾದ ಹೊಸ ಕ್ರಮದಲ್ಲಿ ಮತ್ತೆ ಪೋಣಿಸಲ್ಪಡುತ್ತವೆ. ನಾವು ಬೆಳವಣಿಗೆ ಎನ್ನುವುದು ಬಹುಮಟ್ಟಿಗೆ ಇದನ್ನೇ.

ಈ ಇಪ್ಪತ್ತರಲ್ಲಿ ಅರ್ಧದಷ್ಟನ್ನು ಮೀನು ತಾನೇ ತಯಾರಿಸಿಕೊಳ್ಳಬಲ್ಲದು. ಉಳಿದ ಹತ್ತನ್ನು ತಯಾರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಅವು ಆಹಾರದಲ್ಲಿಯೇ ಬರಬೇಕು. ಅರ್ಜಿನಿನ್, ಹಿಸ್ಟಿಡಿನ್, ಐಸೊಲ್ಯೂಸಿನ್, ಲ್ಯೂಸಿನ್, ಲೈಸಿನ್, ಮೆಥಿಯೋನಿನ್, ಫಿನೈಲ್‌ಅಲನಿನ್, ಥ್ರಿಯೋನಿನ್, ಟ್ರಿಪ್ಟೊಫ್ಯಾನ್, ವ್ಯಾಲಿನ್ ಇವೇ ಆ ಹತ್ತು. ಇವನ್ನು ಅವಶ್ಯಕ ಅಮಿನೋ ಆಮ್ಲಗಳೆನ್ನುತ್ತಾರೆ. ಹೆಸರುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ನಮ್ಮ ಕೆಲಸಕ್ಕೆ ಲೈಸಿನ್ ಮತ್ತು ಮೆಥಿಯೋನಿನ್ ಎಂಬ ಎರಡನ್ನು ನೆನಪಿಟ್ಟರೆ ಸಾಕು. ನಮ್ಮ ಹಿಂಡಿಗಳಲ್ಲಿ ಮೊದಲು ಕೊರತೆ ಬೀಳುವುದು ಇವೇ.

2. ಇದು ತಿಳಿದುಬಂದ ಬಗೆ

ಅಮೆರಿಕದ ಜಾನ್ ಹ್ಯಾಲ್ವರ್ ಮತ್ತು ಅವರ ಸಂಗಡಿಗರು ಚಿನೂಕ್ ಎಂಬ ಸಾಲ್ಮನ್ ಮೀನಿನ ಮೇಲೆ ನಡೆಸಿದ ಪ್ರಯೋಗಗಳು 1957ರಲ್ಲಿ ಪ್ರಕಟವಾದವು. ಹಿಂಡಿ, ಮಾಂಸ ಯಾವುದನ್ನೂ ಬಳಸದೆ, ಶುದ್ಧ ಅಮಿನೋ ಆಮ್ಲಗಳ ಪುಡಿಯಿಂದಲೇ ಅವರು ಮೇವು ತಯಾರಿಸಿದರು. ಒಂದೊಂದು ತಂಡದ ಮರಿಗಳಿಗೆ ಒಂದೊಂದು ಆಮ್ಲವನ್ನು ಬಿಟ್ಟು ಉಳಿದೆಲ್ಲವನ್ನೂ ಕೊಟ್ಟರು. ಹತ್ತು ಆಮ್ಲಗಳ ವಿಷಯದಲ್ಲಿ ಫಲಿತಾಂಶ ಒಂದೇ ಆಯಿತು: ಅದನ್ನು ಬಿಟ್ಟಾಗ ಮರಿಗಳ ಬೆಳವಣಿಗೆ ನಿಂತಿತು, ಮರಳಿ ಸೇರಿಸಿದಾಗ ಮತ್ತೆ ಆರಂಭವಾಯಿತು. ಅದೇ 1957ರ ಜುಲೈ 10ರಂದು ನಮ್ಮ ದೇಶದಲ್ಲಿ ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ ಗೆಂಡೆ ಮೀನುಗಳಿಗೆ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಇಂದು ನಾವು ಮರಿಗಳನ್ನು ಸುಲಭವಾಗಿ ಕೊಂಡು ತರುತ್ತಿರುವುದು ಆ ಕೆಲಸದ ಫಲ. ಮರಿಯ ಸಮಸ್ಯೆ ಬಗೆಹರಿಯುವುದಕ್ಕೂ ಮೇವಿನ ವಿಜ್ಞಾನ ಆರಂಭವಾಗುವುದಕ್ಕೂ ಒಂದೇ ವರ್ಷ ಕೂಡಿಬಂದಿತೆನ್ನಬಹುದು.

ಮುಂದೆ ಜಪಾನಿನ ನೋಸೆ ಎಂಬ ವಿಜ್ಞಾನಿ ಸಾಮಾನ್ಯ ಗೆಂಡೆಗೂ ಇದೇ ಹತ್ತು ಬೇಕೆಂದು ತೋರಿಸಿ, ಎಷ್ಟೆಷ್ಟು ಬೇಕೆಂಬ ಲೆಕ್ಕವನ್ನು 1979ರಲ್ಲಿ ಕೊಟ್ಟರು. ಆ ಪ್ರಕಾರ ಮೇವಿನ ಪ್ರತಿ 100 ಗ್ರಾಂ ಸಸಾರಜನಕದಲ್ಲಿ ಲೈಸಿನ್ 5.7 ಗ್ರಾಂ ಇರಬೇಕು; ಮೆಥಿಯೋನಿನ್ ಹಾಗೂ ಅದರ ಜೊತೆಗಾರ ಸಿಸ್ಟೀನ್ ಸೇರಿ 3.1 ಗ್ರಾಂ ಇರಬೇಕು. ನಮ್ಮ ಕಾಟ್ಲಾ ಮೀನಿನ ಬಗ್ಗೆ ರವಿ ಮತ್ತು ದೇವರಾಜ್ ಅವರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೈಸಿನ್ ಅಗತ್ಯ ಇನ್ನೂ ಸ್ವಲ್ಪ ಹೆಚ್ಚು, ಅಂದರೆ ಸುಮಾರು 6.2 ಗ್ರಾಂ ಎಂದು ಕಂಡುಬಂದಿದೆ.

3. ಗಿಡ್ಡ ಹಲಗೆಯ ಪೀಪಾಯಿ

ಗೊಬ್ಬರದ ವಿಷಯದಲ್ಲಿ ನಮಗೆಲ್ಲ ಒಂದು ನಿಯಮ ಗೊತ್ತಿದೆ. ಅಡಿಕೆ ಮರಕ್ಕೆ ಪೊಟ್ಯಾಷ್ ಕೊರತೆಯಿದ್ದಾಗ ಯೂರಿಯಾ ಎಷ್ಟು ಸುರಿದರೂ ಗೊನೆ ತೂಗುವುದಿಲ್ಲ. ಯಾವುದು ಅತಿ ಕಡಿಮೆಯಿದೆಯೋ ಅದೇ ಬೆಳೆಯನ್ನು ನಿರ್ಧರಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಲೀಬಿಗ್ ಪ್ರಚಾರಕ್ಕೆ ತಂದ ಈ ನಿಯಮವನ್ನು ಮರದ ಪೀಪಾಯಿಯ ಚಿತ್ರ ಬರೆದು ವಿವರಿಸುವುದುಂಟು. ಪೀಪಾಯಿಯ ಹಲಗೆಗಳಲ್ಲಿ ಒಂದು ಗಿಡ್ಡವಾಗಿದ್ದರೆ ನೀರು ಆ ಹಲಗೆಯ ಎತ್ತರಕ್ಕೇ ನಿಲ್ಲುತ್ತದೆ; ಉಳಿದ ಹಲಗೆಗಳು ಎಷ್ಟು ಎತ್ತರವಿದ್ದರೂ ಪ್ರಯೋಜನವಿಲ್ಲ.

ಮೀನಿನ ಮೇವಿಗೂ ಇದೇ ನಿಯಮ. ಹತ್ತು ಅಮಿನೋ ಆಮ್ಲಗಳು ಹತ್ತು ಹಲಗೆಗಳು. ಕಡಲೆಕಾಯಿ ಹಿಂಡಿಯಲ್ಲಿ ಅರ್ಜಿನಿನ್ ಬೇಕಾದುದಕ್ಕಿಂತ ಎಷ್ಟೋ ಹೆಚ್ಚಿದೆ. ಆದರೆ ಲೈಸಿನ್ ಹಲಗೆ ಗಿಡ್ಡ. ಆದುದರಿಂದ ಮೀನಿನ ಬೆಳವಣಿಗೆ ಲೈಸಿನ್ ಎತ್ತರಕ್ಕೆ ನಿಂತುಬಿಡುತ್ತದೆ.

ಇಲ್ಲಿ ಕೆಲವರು ಕೇಳಬಹುದು: "ಅದೇ ಹಿಂಡಿ ತಿಂದು ನಮ್ಮ ಹಸು ಚೆನ್ನಾಗಿ ಹಾಲು ಕೊಡುತ್ತದಲ್ಲ?" ಹಸುವಿನ ಹೊಟ್ಟೆಯ ಮೊದಲ ಕೋಣೆಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳಿವೆ. ಅವು ಹಿಂಡಿಯ ಸಾರಜನಕವನ್ನು ಬಳಸಿಕೊಂಡು ಎಲ್ಲ ಅಮಿನೋ ಆಮ್ಲಗಳನ್ನೂ ತಾವೇ ತಯಾರಿಸುತ್ತವೆ. ಹಸು ಆ ಜೀವಿಗಳನ್ನೇ ಜೀರ್ಣಿಸಿಕೊಳ್ಳುತ್ತದೆ. ಮೀನಿಗೆ ಈ ಸೌಕರ್ಯವಿಲ್ಲ. ಗೆಂಡೆ ಜಾತಿಯ ಮೀನುಗಳಿಗಂತೂ ಜಠರವೇ ಇಲ್ಲ. ಗಂಟಲಿನಿಂದ ನೇರವಾಗಿ ಕರುಳು. ನಾವು ಕೊಟ್ಟದ್ದರಲ್ಲಿ ಇಲ್ಲದ್ದು ಅದಕ್ಕೆ ಸಿಗುವುದಿಲ್ಲ.

4. ತೌಡು–ಹಿಂಡಿಯ ಲೆಕ್ಕ

ಮೇವಿಗೆ ಬಳಸುವ ಕೆಲವು ವಸ್ತುಗಳಲ್ಲಿ ಸಸಾರಜನಕ ಮತ್ತು ಲೈಸಿನ್ ಸುಮಾರಾಗಿ ಎಷ್ಟಿರುತ್ತವೆಂಬುದನ್ನು ಕೆಳಗೆ ಕೊಟ್ಟಿದ್ದೇವೆ. ಗಾಣ, ಗಿರಣಿ, ದಾಸ್ತಾನುಗಳಿಗೆ ತಕ್ಕಂತೆ ಇವು ಸ್ವಲ್ಪ ಹೆಚ್ಚುಕಡಿಮೆಯಾಗುತ್ತವೆ.

ಅಕ್ಕಿ ತೌಡು: ಸಸಾರಜನಕ ಶೇ. 13; ಕಿಲೋಗೆ ಲೈಸಿನ್ 6 ಗ್ರಾಂ.
ತೆಂಗಿನ ಹಿಂಡಿ: ಸಸಾರಜನಕ ಶೇ. 21, ಲೈಸಿನ್ 6 ಗ್ರಾಂ.
ಎಳ್ಳು ಹಿಂಡಿ: ಸಸಾರಜನಕ ಶೇ. 38, ಲೈಸಿನ್ 10 ಗ್ರಾಂ.
ಕಡಲೆಕಾಯಿ ಹಿಂಡಿ: ಸಸಾರಜನಕ ಶೇ. 42, ಲೈಸಿನ್ 15 ಗ್ರಾಂ.
ಸೋಯಾ ಹಿಂಡಿ: ಸಸಾರಜನಕ ಶೇ. 45, ಲೈಸಿನ್ 28 ಗ್ರಾಂ.
ಮೀನುಪುಡಿ (ಸಾಧಾರಣ ದರ್ಜೆ): ಸಸಾರಜನಕ ಶೇ. 55, ಲೈಸಿನ್ 41 ಗ್ರಾಂ.

ಕಡಲೆಕಾಯಿ ಹಿಂಡಿ ಮತ್ತು ಸೋಯಾ ಹಿಂಡಿಗಳನ್ನು ಹೋಲಿಸಿ ನೋಡಿ. ಸಸಾರಜನಕದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಲೈಸಿನ್ ಮಾತ್ರ ಹೆಚ್ಚುಕಡಿಮೆ ಇಮ್ಮಡಿ. ಚೀಲದ ಮೇಲಿನ ಸಸಾರಜನಕದ ಅಂಕಿ ಈ ಗುಟ್ಟನ್ನು ಹೇಳುವುದಿಲ್ಲ.

ಈಗ ನಮ್ಮಲ್ಲಿ ರೂಢಿಯಲ್ಲಿರುವ ಸಮಪಾಲು ತೌಡು, ಸಮಪಾಲು ಕಡಲೆಕಾಯಿ ಹಿಂಡಿಯ ಮಿಶ್ರಣವನ್ನು ತೆಗೆದುಕೊಳ್ಳೋಣ. ಒಂದು ಕಿಲೋ ಮಿಶ್ರಣದಲ್ಲಿ ಸಸಾರಜನಕ 275 ಗ್ರಾಂ. ಬೆಳೆಯುವ ಗೆಂಡೆಗೆ ಇದು ಸಾಕು. ಇಷ್ಟು ಸಸಾರಜನಕಕ್ಕೆ 100ಕ್ಕೆ 5.7ರಂತೆ 15.7 ಗ್ರಾಂ ಲೈಸಿನ್ ಇರಬೇಕು. ಇರುವುದು 10.5 ಗ್ರಾಂ ಮಾತ್ರ. ಅಂದರೆ ಲೈಸಿನ್ ಹಲಗೆ ಪೀಪಾಯಿಯ ಮೂರನೆಯ ಎರಡು ಪಾಲು ಎತ್ತರದಲ್ಲಿಯೇ ಮುಗಿದುಹೋಯಿತು. ಸ್ಥೂಲವಾಗಿ ಹೇಳುವುದಾದರೆ 275 ಗ್ರಾಂ ಸಸಾರಜನಕದಲ್ಲಿ ಮೈ ಕಟ್ಟುವ ಕೆಲಸಕ್ಕೆ ಒದಗುವುದು ಹೆಚ್ಚೆಂದರೆ 180 ಗ್ರಾಂ. ಉಳಿದ 95 ಗ್ರಾಂಗೆ ನಾವು ಹಿಂಡಿಯ ಬೆಲೆ ಕೊಟ್ಟಿದ್ದೇವೆ, ಆದರೆ ಅದು ಮೀನಾಗುವುದಿಲ್ಲ.

5. ಉಳಿದದ್ದು ಎಲ್ಲಿಗೆ ಹೋಗುತ್ತದೆ?

ಮೈ ಕಟ್ಟಲು ಬಾರದ ಅಮಿನೋ ಆಮ್ಲಗಳನ್ನು ಮೀನು ಕೂಡಿಡಲಾರದು. ಅವುಗಳಲ್ಲಿರುವ ಸಾರಜನಕವನ್ನು ಬೇರ್ಪಡಿಸಿ, ಉಳಿದ ಭಾಗವನ್ನು ಸೌದೆಯಂತೆ ಉರಿಸಿಕೊಳ್ಳುತ್ತದೆ. ಬೇರ್ಪಟ್ಟ ಸಾರಜನಕ ಅಮೋನಿಯಾ ರೂಪದಲ್ಲಿ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ತೌಡಿನ ಪಿಷ್ಟ ಮತ್ತು ಎಣ್ಣೆಯಂಶ ಮಾಡಬಹುದಾಗಿದ್ದ ಸೌದೆಯ ಕೆಲಸಕ್ಕೆ ಬೆಲೆಬಾಳುವ ಹಿಂಡಿಯನ್ನು ಹಾಕಿದಂತಾಯಿತು. ಬೀಟೆ ಮರ ಕಡಿದು ಬಚ್ಚಲೊಲೆಗೆ ತುರುಕಿದ ಹಾಗೆ.

ಸಸಾರಜನಕದಲ್ಲಿ ಸಾರಜನಕದ ಪಾಲು ನೂರಕ್ಕೆ ಸುಮಾರು 16. ಮೇಲೆ ಹೇಳಿದ 95 ಗ್ರಾಂನಲ್ಲಿ 15 ಗ್ರಾಂ ಸಾರಜನಕವಾಯಿತು. ನಮಗೆ ಪರಿಚಿತವಾದ ಯೂರಿಯಾ ಲೆಕ್ಕದಲ್ಲಿ ಇದು ಸುಮಾರು 33 ಗ್ರಾಂ. ದಿನಕ್ಕೆ ಎರಡು ಕಿಲೋ ಮೇವು ಹಾಕುವವರು ತಿಂಗಳಿಗೆ ಎರಡು ಕಿಲೋ ಯೂರಿಯಾದಲ್ಲಿರುವಷ್ಟು ಸಾರಜನಕವನ್ನು ಕೆರೆಗೆ ವೃಥಾ ಸೇರಿಸಿದಂತಾಯಿತು. ಮೊದಮೊದಲು ನೀರು ಹಸಿರಾಗಿ ಚೆನ್ನಾಗಿಯೇ ಕಾಣುತ್ತದೆ. ಹಸಿರು ಅತಿಯಾದಾಗ ಮೋಡ ಮುಚ್ಚಿದ ದಿನಗಳಲ್ಲಿ ಆಮ್ಲಜನಕ ಸಾಲದೆ, ಬೆಳಗಿನ ಜಾವ ಮೀನುಗಳು ನೀರಿನ ಮೇಲೆ ಬಂದು ಬಾಯಿ ಬಿಡುತ್ತವೆ. ಒಂದು ರಾತ್ರಿಯಲ್ಲಿ ಇಡೀ ಕೆರೆಯ ಮೀನು ತೇಲಿದ ಪ್ರಕರಣಗಳಲ್ಲಿ ಅತಿಯಾದ ಮೇವಿನ ಪಾಲು ಎಷ್ಟೋ ಸಲ ಇರುತ್ತದೆ. ಆದುದರಿಂದ "ಬೆಳೆಯುತ್ತಿಲ್ಲ, ಇನ್ನೊಂದು ಸೇರು ಹೆಚ್ಚು ಹಾಕೋಣ" ಎನ್ನುವುದು ಪರಿಹಾರವಲ್ಲ. ಗಿಡ್ಡ ಹಲಗೆಯನ್ನು ಎತ್ತರಿಸುವುದೇ ಪರಿಹಾರ.

6. ಕೊರತೆ ತುಂಬುವ ಎರಡು ಮಿಶ್ರಣಗಳು

ಹಲಗೆ ಎತ್ತರಿಸುವ ವಿದ್ಯೆ ನಮ್ಮ ಅಡಿಗೆಮನೆಗೆ ಹೊಸದಲ್ಲ. ಅಕ್ಕಿಯಲ್ಲಿ ಲೈಸಿನ್ ಕಡಿಮೆ. ಬೇಳೆಯಲ್ಲಿ ಲೈಸಿನ್ ಸಮೃದ್ಧ, ಮೆಥಿಯೋನಿನ್ ಕಡಿಮೆ. ಅನ್ನಕ್ಕೆ ಬೇಳೆಯ ಸಾರು ಕಲಸಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೀನಿಗೂ ಇದೇ ಕ್ರಮ.

ಮೊದಲನೆಯ ಮಿಶ್ರಣ (100 ಕಿಲೋಗೆ): ತೌಡು 50, ಸೋಯಾ ಹಿಂಡಿ 30, ಕಡಲೆಕಾಯಿ ಹಿಂಡಿ 10, ಮೀನುಪುಡಿ 10. ಇದರಲ್ಲಿ ಸಸಾರಜನಕ ಶೇ. 30ಕ್ಕೆ ಹತ್ತಿರ, ಕಿಲೋಗೆ ಲೈಸಿನ್ ಸುಮಾರು 17 ಗ್ರಾಂ, ಅಂದರೆ 100 ಗ್ರಾಂ ಸಸಾರಜನಕಕ್ಕೆ 5.7. ಸಾಮಾನ್ಯ ಗೆಂಡೆಗೆ ಬೇಕಾದಷ್ಟು ಸರಿಯಾಗಿ ಇದೆ.

ಎರಡನೆಯ ಮಿಶ್ರಣ, ಮೀನುಪುಡಿಯನ್ನು ಮನೆಯ ಹತ್ತಿರ ತರಲು ಒಪ್ಪದವರಿಗೆ ಅಥವಾ ಒಳ್ಳೆಯ ಮೀನುಪುಡಿ ಸಿಗದವರಿಗೆ: ತೌಡು 50, ಸೋಯಾ ಹಿಂಡಿ 40, ಎಳ್ಳು ಹಿಂಡಿ 10. ಇಲ್ಲಿ ಸಸಾರಜನಕ ಶೇ. 28, ಲೈಸಿನ್ 100ಕ್ಕೆ ಸುಮಾರು 5.4. ಸೋಯಾ ಲೈಸಿನ್ ಕೊಡುತ್ತದೆ, ಆದರೆ ಅದರಲ್ಲಿ ಮೆಥಿಯೋನಿನ್ ಕಡಿಮೆ. ಎಳ್ಳಿನಲ್ಲಿ ಲೈಸಿನ್ ಕಡಿಮೆ, ಮೆಥಿಯೋನಿನ್ ಧಾರಾಳ. ಈ ಮಿಶ್ರಣದಲ್ಲಿ ಮೀನಿಗೆ ದಕ್ಕುವ ರಂಜಕ ಕಡಿಮೆಯಾದುದರಿಂದ 100 ಕಿಲೋಗೆ ಒಂದೆರಡು ಕಿಲೋ ಖನಿಜ ಮಿಶ್ರಣವನ್ನು ಸೇರಿಸುವುದು ಒಳ್ಳೆಯದು.

ತೆಂಗಿನ ಹಿಂಡಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ತೌಡಿನ ಪಾಲಿನಲ್ಲಿ ಸ್ವಲ್ಪ ಸೇರಿಸಬಹುದೇ ಹೊರತು ಸೋಯಾ ಹಿಂಡಿಯ ಬದಲಿಗೆ ಬಳಸುವಂತಿಲ್ಲ. ಅಂಕಿಗಳನ್ನು ಇನ್ನೊಮ್ಮೆ ನೋಡಿದರೆ ಕಾರಣ ತಿಳಿಯುತ್ತದೆ.

ಇಷ್ಟೆಲ್ಲ ತೊಂದರೆ ಏಕೆ, ಪೇಟೆಯಲ್ಲಿ ಸಿಗುವ ಲೈಸಿನ್ ಪುಡಿಯನ್ನೇ ತೌಡಿಗೆ ಬೆರೆಸಿದರೆ ಆಗದೇ ಎಂದು ಕೇಳಬಹುದು. ಕೋಳಿ ಸಾಕುವವರು ಹಾಗೆ ಮಾಡುತ್ತಾರೆ. ಮೀನಿನಲ್ಲಿ ಎರಡು ತೊಡಕುಗಳಿವೆ. ಪುಡಿ ನೀರಿನಲ್ಲಿ ಕರಗಿ ಹೋಗುತ್ತದೆ. ಮೀನು ತಿಂದರೂ, ಜಠರವಿಲ್ಲದ ಗೆಂಡೆಯಲ್ಲಿ ಬಿಡಿ ಲೈಸಿನ್ ಬೇಗನೆ ರಕ್ತಕ್ಕೆ ಸೇರಿಬಿಡುತ್ತದೆ. ಹಿಂಡಿಯ ಸರ ಬಿಚ್ಚಿ ಉಳಿದ ಮಣಿಗಳು ಬರುವಷ್ಟರಲ್ಲಿ ಅದು ಖರ್ಚಾಗಿರುತ್ತದೆ. ಹತ್ತೂ ಮಣಿಗಳು ಒಂದೇ ಹೊತ್ತಿಗೆ ಕೈಗೆ ಬಂದರಷ್ಟೇ ಸರ ಪೋಣಿಸಲು ಸಾಧ್ಯ. ಮೇವು ಕಾರ್ಖಾನೆಗಳಲ್ಲಿ ಇದಕ್ಕೆ ಉಪಾಯಗಳಿವೆ. ಬಾನಿಯಲ್ಲಿ ಮೇವು ಕಲಸುವ ನಮಗೆ ಸೋಯಾ, ಮೀನುಪುಡಿಗಳೇ ಸರಿ. ಯಾವ ಮಿಶ್ರಣವಾದರೂ ದಿನದ ಪಾಲನ್ನು ಒಂದೇ ಸಲ ಸುರಿಯದೆ ಎರಡು ಮೂರು ಸಲ ಕೊಡುವುದು ಮೇಲು.

7. ಕೊಳ್ಳುವಾಗ ಮತ್ತು ಕಾಯಿಸುವಾಗ

ಮೊದಲನೆಯದಾಗಿ, ಪ್ರಯೋಗಶಾಲೆಯ ಸಸಾರಜನಕದ ಅಂಕಿಯನ್ನು ಕುರುಡಾಗಿ ನಂಬಬಾರದು. ಡೆನ್ಮಾರ್ಕಿನ ಜೆಲ್ಡಾಲ್ 1883ರಲ್ಲಿ ಕಂಡುಹಿಡಿದ ಪರೀಕ್ಷೆಯಲ್ಲಿ ಅಳೆಯುವುದು ಸಾರಜನಕವನ್ನು; ಅದನ್ನು 6.25ರಿಂದ ಗುಣಿಸಿ ಸಸಾರಜನಕವೆಂದು ಬರೆಯುತ್ತಾರೆ. ಹಿಂಡಿಗೋ ಮೀನುಪುಡಿಗೋ ಯೂರಿಯಾ ಬೆರೆಸಿದ್ದರೆ ಆ ಪರೀಕ್ಷೆಯಲ್ಲಿ ಅದೂ ಸಸಾರಜನಕವಾಗಿಯೇ ಕಾಣುತ್ತದೆ. ಮೀನಿಗೆ ಅದರಿಂದ ಒಂದು ಗುಲಗಂಜಿಯಷ್ಟೂ ಮೈ ಬರುವುದಿಲ್ಲ. ಮೀನುಪುಡಿಯಲ್ಲಿ ಮರಳು, ಉಪ್ಪು ಇದೆಯೇ ಎಂಬುದನ್ನೂ ಬೆರಳಿನಲ್ಲಿ ತಿಕ್ಕಿ, ನಾಲಗೆಗೆ ಮುಟ್ಟಿಸಿ ನೋಡಬೇಕು.

ಎರಡನೆಯದು ಬಿಸಿ. ಹಸಿ ಸೋಯಾದಲ್ಲಿ ಸಸಾರಜನಕ ಜೀರ್ಣವಾಗದಂತೆ ತಡೆಯುವ ಅಂಶವಿದೆ. ಹದವಾಗಿ ಹುರಿದಾಗ ಅದು ನಾಶವಾಗುತ್ತದೆ. ಆದುದರಿಂದ ಎಣ್ಣೆ ತೆಗೆದು ಹುರಿದ ಹಿಂಡಿಯನ್ನೇ ಕೊಳ್ಳಬೇಕು, ಹಸಿ ಕಾಳನ್ನು ಹಾಕಬಾರದು. ಆದರೆ ಬಿಸಿ ಅತಿಯಾದರೆ ಲೈಸಿನ್ ಸಕ್ಕರೆಯ ಅಂಶಗಳೊಂದಿಗೆ ಬೆಸೆದುಕೊಂಡು ಮೀನಿಗೆ ದಕ್ಕದಂತಾಗುತ್ತದೆ. ಕಂದುಗಪ್ಪಾಗಿ ಸೀದ ವಾಸನೆ ಬರುವ ಹಿಂಡಿಯಲ್ಲಿ ಲೈಸಿನ್ ಕಾಗದದ ಮೇಲೆ ಮಾತ್ರ ಇರುತ್ತದೆ. ಮೇವಿಗೆ ಬೆಲ್ಲ ಹಾಕಿ ಗಂಟೆಗಟ್ಟಲೆ ಕುದಿಸುವುದೂ ಇದೇ ಕಾರಣಕ್ಕೆ ಬೇಡ.

ಮೂರನೆಯದು ಬೂಷ್ಟು. ನಮ್ಮ ಮಳೆಗಾಲದಲ್ಲಿ ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿಯಲು ವಾರ ಸಾಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಟರ್ಕಿ ಕೋಳಿಗಳು ಲಕ್ಷದ ಲೆಕ್ಕದಲ್ಲಿ ಸತ್ತಾಗ ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾಯಿತು. ಮೀನಿನ ಯಕೃತ್ತಿಗೂ ಅದು ವಿಷವೇ. ಮಳೆಗಾಲದ ದಾಸ್ತಾನನ್ನು ಅಟ್ಟದ ಮೇಲೆ, ಹಲಗೆಯ ಮೇಲಿಟ್ಟು, ಹದಿನೈದು ದಿನಕ್ಕೆ ಆಗುವಷ್ಟನ್ನೇ ಕೊಳ್ಳಬೇಕು.

8. ಕೆರೆಯೇ ಕೊಡುವ ಊಟ

ಇಷ್ಟು ಓದಿದ ಮೇಲೆ, ಏನೂ ಮೇವು ಹಾಕದ ಕೆಲವು ಹಳೆಯ ಕೆರೆಗಳಲ್ಲಿ ಮೀನು ಚೆನ್ನಾಗಿ ಬೆಳೆಯುವುದು ಹೇಗೆಂಬ ಸಂದೇಹ ಬರುವುದು ಸಹಜ. ಸಗಣಿ ಗೊಬ್ಬರ, ಸುಣ್ಣ ಬಿದ್ದ ನೀರಿನಲ್ಲಿ ಹಸಿರು ಪಾಚಿಕಣಗಳೂ ಅವನ್ನು ತಿನ್ನುವ ಸಣ್ಣ ನೀರುಹುಳುಗಳೂ ಹುಟ್ಟುತ್ತವೆ. ಈ ನೀರುಹುಳುಗಳ ಸಸಾರಜನಕದಲ್ಲಿ ಹತ್ತೂ ಆಮ್ಲಗಳು ಒಳ್ಳೆಯ ಪ್ರಮಾಣದಲ್ಲಿರುತ್ತವೆ. ಮೇಲ್ಪದರದ ಕಾಟ್ಲಾ ಮುಖ್ಯವಾಗಿ ಬದುಕುವುದು ಇವುಗಳಿಂದ. ಮೀನು ವಿರಳವಾಗಿದ್ದಾಗ ಪ್ರತಿಯೊಂದಕ್ಕೂ ಇವು ಧಾರಾಳವಾಗಿ ಸಿಕ್ಕಿ, ತೌಡು–ಹಿಂಡಿಯ ಕೊರತೆಯನ್ನು ತುಂಬಿಬಿಡುತ್ತವೆ. ಮರಿಗಳ ಸಂಖ್ಯೆ ಹೆಚ್ಚಿಸಿದಂತೆ, ಮೀನು ದೊಡ್ಡದಾದಂತೆ ತಲೆಗೆ ಸಿಗುವ ಪಾಲು ಇಳಿಯುತ್ತದೆ. ಆಗ ಹಿಂಡಿಯ ಕೊರತೆ ಬಯಲಾಗುತ್ತದೆ. ಮರಿ ಬಿಟ್ಟ ಮೊದಲ ಕೆಲವು ತಿಂಗಳು ಚೆನ್ನಾಗಿದ್ದ ಬೆಳವಣಿಗೆ ಮುಂದೆ ಕುಂಟುವುದಕ್ಕೆ ಇದೂ ಒಂದು ಕಾರಣ.

ಆದುದರಿಂದ ಸಣ್ಣ ಹಿಡುವಳಿದಾರರಿಗೆ ನಮ್ಮ ಸಲಹೆ ಇದು. ಹೆಕ್ಟೇರಿಗೆ 10,000 ಮರಿ ಎಂಬುದು ಒಳ್ಳೆಯ ಮೇವು ಕೊಡಬಲ್ಲವರ ಲೆಕ್ಕ. ಹತ್ತು ಗುಂಟೆ ಕೆರೆಗೆ ಅದು ಸಾವಿರ ಮರಿಯಾಯಿತು. ಸೋಯಾ ಅಥವಾ ಮೀನುಪುಡಿಗೆ ಹಣ ಹಾಕಲು ಸಾಧ್ಯವಿಲ್ಲದವರು ನಾನೂರು ಮರಿ ಬಿಟ್ಟು, ಸಗಣಿ ಗೊಬ್ಬರದಿಂದ ನೀರನ್ನು ಹದವಾಗಿ ಹಸಿರಾಗಿಟ್ಟು, ತೌಡು ಮತ್ತು ಸ್ವಲ್ಪ ಹಿಂಡಿಯಲ್ಲಿ ತೃಪ್ತರಾಗುವುದೇ ಲಾಭಕರ. ಕೊಳೆರೋಗಕ್ಕೆ ಸಿಂಪಡಿಸಿದ ಬೋರ್ಡೊ ದ್ರಾವಣದ ತೊಳೆನೀರಾಗಲಿ, ಕಾಫಿ ಪಲ್ಪಿಂಗ್ ನೀರಾಗಲಿ ಕೆರೆಗೆ ಇಳಿಯದಂತೆ ನೋಡಿಕೊಳ್ಳದಿದ್ದರೆ ಮಾತ್ರ ಯಾವ ಮೇವಿನ ಲೆಕ್ಕವೂ ಉಪಯೋಗಕ್ಕೆ ಬಾರದು. ತಾಮ್ರ ಮೀನಿಗೆ ವಿಷ. ಪಲ್ಪಿಂಗ್ ನೀರು ಆಮ್ಲಜನಕವನ್ನು ಹೀರಿಬಿಡುತ್ತದೆ.

9. ತೂಕದ ಪುಸ್ತಕ

ಮೀನಿನಲ್ಲಿ ಲೈಸಿನ್ ಕೊರತೆಯ ಮೊದಲ ಗುರುತು ರೋಗವಲ್ಲ. ಹಸಿವು ಮತ್ತು ಬೆಳವಣಿಗೆ ಕುಂದುವುದು. ಟ್ರೌಟ್ ಮೀನುಗಳಲ್ಲಿ ಟ್ರಿಪ್ಟೊಫ್ಯಾನ್ ಕೊರತೆಯಿಂದ ಬೆನ್ನುಮೂಳೆ ಸೊಟ್ಟಗಾಗುವುದನ್ನೂ, ಮೆಥಿಯೋನಿನ್ ಕೊರತೆಯಿಂದ ಕಣ್ಣಿಗೆ ಪೊರೆ ಬರುವುದನ್ನೂ ವಿಜ್ಞಾನಿಗಳು ಕಂಡಿದ್ದಾರೆ. ನಮ್ಮ ಕೆರೆಗಳಲ್ಲಿ ಅಷ್ಟು ದೂರ ಹೋಗುವುದಿಲ್ಲ. ಮೀನು ಆರೋಗ್ಯವಾಗಿಯೇ ಕಾಣುತ್ತದೆ, ಬೆಳೆಯುವುದಿಲ್ಲ, ಅಷ್ಟೆ. ಹೀಗಿರುವಾಗ ತಕ್ಕಡಿಯ ಹೊರತು ಬೇರೆ ವೈದ್ಯರಿಲ್ಲ.

ತಿಂಗಳಿಗೊಮ್ಮೆ ಬೀಸುಬಲೆಯಲ್ಲಿ ಇಪ್ಪತ್ತು ಮೀನು ಹಿಡಿದು ತೂಗಿ ಬಿಡಿ. ಉದಾಹರಣೆಗೆ, ಇಪ್ಪತ್ತು ಮೀನು 4 ಕಿಲೋ ತೂಗಿದರೆ ಒಂದಕ್ಕೆ 200 ಗ್ರಾಂ. ಕೆರೆಯಲ್ಲಿ 400 ಮೀನಿದ್ದರೆ ಒಟ್ಟು 80 ಕಿಲೋ. ನೂರಕ್ಕೆ ಎರಡೂವರೆಯಂತೆ ದಿನಕ್ಕೆ 2 ಕಿಲೋ, ತಿಂಗಳಿಗೆ 60 ಕಿಲೋ ಮೇವು. ಮುಂದಿನ ತಿಂಗಳು ಇಪ್ಪತ್ತು ಮೀನು 5 ಕಿಲೋ ತೂಗಿದರೆ ಒಟ್ಟು 100 ಕಿಲೋ; ಏರಿದ್ದು 20 ಕಿಲೋ. ಒಂದು ಕಿಲೋ ಮೀನಿಗೆ 3 ಕಿಲೋ ಮೇವು ಖರ್ಚಾಯಿತು.

ಮೇವಿನ ನಿಜವಾದ ಬೆಲೆ ತಿಳಿಯುವುದು ಇಲ್ಲಿ. ಕಿಲೋಗೆ ರೂ. 30ರ ಮೇವು 3 ಕಿಲೋ ಬೇಕಾದರೆ ಒಂದು ಕಿಲೋ ಮೀನಿಗೆ ರೂ. 90 ಆಯಿತು. ರೂ. 40ರ ಮೇವು 2 ಕಿಲೋ ಸಾಕಾದರೆ ರೂ. 80. (ಇವು ಲೆಕ್ಕ ತೋರಿಸಲು ಇಟ್ಟ ಅಂಕಿಗಳು; ನಿಮ್ಮ ಊರಿನ ದರ ಹಾಕಿ ನೋಡಿ.) ಚೀಲದ ದರದಲ್ಲಿ ಅಗ್ಗವಾದದ್ದು ಮೀನಿನ ದರದಲ್ಲಿ ದುಬಾರಿಯಾಗಬಹುದು. ಲೆಕ್ಕ ಹೀಗೆ ಕೂಡಿಬರದಿದ್ದರೆ ಹಳೆಯ ಮೇವಿಗೇ ಹಿಂದಿರುಗಿ, ಮರಿಗಳ ಸಂಖ್ಯೆ ಇಳಿಸಿ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಅಭ್ಯಾಸ

ಈ ಪಾಠವನ್ನು ಓದಿದ ಸದಸ್ಯರು ತಾವು ಈಗ ಹಾಕುತ್ತಿರುವ ಮಿಶ್ರಣದಲ್ಲಿ ಕಿಲೋಗೆ ಸಸಾರಜನಕ ಎಷ್ಟು, ಲೈಸಿನ್ ಎಷ್ಟು, 100 ಗ್ರಾಂ ಸಸಾರಜನಕಕ್ಕೆ ಲೈಸಿನ್ ಎಷ್ಟು ಬೀಳುತ್ತದೆ ಎಂಬ ಮೂರು ಅಂಕಿಗಳನ್ನು ಮೇಲಿನ ಪಟ್ಟಿಯಿಂದ ತೆಗೆದು ಬರೆದುಕೊಳ್ಳಬೇಕು. ಮೂರನೆಯ ಅಂಕಿ 5ಕ್ಕಿಂತ ಕೆಳಗಿದ್ದು ಮೀನು ಒತ್ತಾಗಿದ್ದರೆ ಮಿಶ್ರಣ ಬದಲಿಸುವ ಬಗ್ಗೆ ಯೋಚಿಸಬೇಕು. ಕೆರೆಯ ವಿಸ್ತೀರ್ಣ, ಮೀನಿನ ಸಂಖ್ಯೆ ಮತ್ತು ಎರಡು ತಿಂಗಳ ತೂಕವನ್ನು ಬರೆದು ತಂದರೆ ಸಂಘದ ಕಚೇರಿಯಲ್ಲಿ ಕುಳಿತು ಒಟ್ಟಿಗೆ ಲೆಕ್ಕ ಹಾಕೋಣ. ಸೋಯಾ ಹಿಂಡಿಯನ್ನು ಒಬ್ಬೊಬ್ಬರೇ ಒಂದು ಚೀಲ ಕೊಳ್ಳುವುದಕ್ಕಿಂತ ಹತ್ತು ಮಂದಿ ಸೇರಿ ಒಂದು ಲೋಡು ತರಿಸಿದರೆ ದರವೂ ಇಳಿಯುತ್ತದೆ, ಮಾಲನ್ನು ನೋಡಿ ಆರಿಸುವ ಅವಕಾಶವೂ ಇರುತ್ತದೆ. ಸಹಕಾರ ಸಂಘ ಇರುವುದು ಇಂಥದ್ದಕ್ಕೇ ಅಲ್ಲವೇ?